'ಸಿಲ್ಲಿ' ಹೆಸ್ಟರ್‌ಳ ಪಾಲಾಯಿತು

ಲಂಡನ್, ೧೨ ನವೆಂಬರ್ ೧೯೦೮, ಗುರುವಾರ

ನಮ್ಮ ನಿಘಂಟಿಗೆ 'ಸಿಲ್ಲಿ' ಪದದ ಚರಿತ್ರೆ ಬರೆಯುವ ಕೆಲಸ ನನಗೇ ಸಿಗುತ್ತದೆಂದು ಕಾದಿದ್ದೆ. ಸಂಪಾದಕ ಆಂಬ್ರೋಸ್ ಅದನ್ನು ಮೊನ್ನೆ ಮೊನ್ನೆ ಸೇರಿದ ಹೆಸ್ಟರ್‌ಗೆ ಕೊಟ್ಟರು. ಚಹಾದ ಹೊತ್ತಿಗೆ ಅವಳು ಹೇಳಿದ್ದೇ ಹೇಳಿದ್ದು: ಒಂದು ಕಾಲಕ್ಕೆ ಸಿಲ್ಲಿ ಎಂದರೆ ದೇವರು ಹರಸಿದವರಂತೆ, ಆಮೇಲೆ ಮುಗ್ಧರು, ಆಮೇಲೆ ಅಯ್ಯೋ ಪಾಪ ಅನ್ನಿಸುವವರು, ಈಗ ಪೆದ್ದರು. ಆ ಅರ್ಥಗಳಿಗೆ ಪುರಾವೆಯಾಗಿ ಹಳೆಯ ಪುಸ್ತಕಗಳ ಸಾಲುಗಳನ್ನೆಲ್ಲ ಹುಡುಕಿಟ್ಟವಳು ನಾನು!

"ಹಾಗಾದ್ರೆ ನಾನೂ ಸಿಲ್ಲಿನೇ," ಎಂದು ನಕ್ಕಳು.

"ನೀವು ಹಳೇ ಅರ್ಥದ ಸಿಲ್ಲಿ ಕಣ್ರೀ," ಎಂದರು ಆಂಬ್ರೋಸ್. ಅವಳ ಕಿವಿ ಕೆಂಪಾಯಿತು. ಅವರದೂ.

ಆರು ವರ್ಷ ಅವರೆದುರಿನ ಮೇಜಿನಲ್ಲಿ ಕೂತು ಅವರ ಕೆಮ್ಮನ್ನೂ ಪ್ರೀತಿಸಿದವಳು ನಾನು. ತಡೆಯಲಾಗದೆ ಕೇಳಿಬಿಟ್ಟೆ: "ಮತ್ತೆ ನಾನು?"

"ನೀವಾ? ನೀವು ಬಲು ಜಾಣೆ ಬಿಡಿ, ಮಿಸ್ ಥಾರ್ನ್."

ಜಾಣೆ ಎಂಬುದು ಬೈಗುಳದಂತೆ ಕೇಳಿಸಿದ್ದು ಇದೇ ಮೊದಲು. ನಾಳೆ ಅವಳ ಮುಖ ಹೇಗೆ ನೋಡಲಿ...