ಹನ್ನೊಂದು ನಿಮಿಷದ ಮೇಲೆ

ಮಾರ್ಚ್ ೧೪, ಗುರುವಾರ

ಅಕ್ಕ ಇವತ್ತು ಮೂರು ಸಲ ಫೋನ್ ಮಾಡಿದಳು. "ನಿಂದೊಂದು ಈಚಿನ ಫೋಟೊ ಕಳಿಸೋ, ಮುಖಾನೇ ಮರ್ತುಹೋಗಿದೆ."

ಹುಡುಕಿದರೆ ಈ ವರ್ಷ ನನ್ನವು ಇರುವುದೆಲ್ಲ ಪ್ರಾಣಿಗಳ ಚಿತ್ರ ಹಿಡಿಯಲು ನಾನು ಕಾಡಿನ ಮರಗಳಿಗೆ ಕಟ್ಟುವ ಕ್ಯಾಮೆರಾದಲ್ಲೇ. ಫ್ಲ್ಯಾಶ್ ಬೆಳಕು ಸರಿಯಾಗಿ ಬೀಳುತ್ತದೆಯೇ ಎಂದು ನೋಡಲು ಚಿರತೆಯ ಹಾಗೆ ಅಂಬೆಗಾಲಿಟ್ಟು ಅದರ ಮುಂದೆ ಹಾದುಹೋಗುತ್ತೇನಲ್ಲ, ಅವು. ಒಂದರಲ್ಲೂ ನೆಟ್ಟಗೆ ನಿಂತಿಲ್ಲ. ಕಳಿಸಿದರೆ ಇದ್ದ ಮರ್ಯಾದೆಯೂ ಹೋದೀತು.

ಇವತ್ತು ಕ್ಯಾಮೆರಾದಿಂದ ತೆಗೆದು ತಂದ ಮೆಮೊರಿ ಕಾರ್ಡಿನಲ್ಲೂ ಮೊದಲನೆಯದು ಅಂಥದ್ದೇ: ಮಣ್ಣಿಗೆ ಅಂಗೈ ಊರಿದ ನಾನು. ಹನ್ನೊಂದು ನಿಮಿಷದ ಮೇಲೆ ಚಿರತೆ ಬಂದಿದೆ. ನನ್ನ ಕೈಗುರುತನ್ನು ಮೂಸುತ್ತ ನಿಂತಿದೆ, ಆರು ಚಿತ್ರಗಳಷ್ಟು ಹೊತ್ತು. ನಾನು ಕೂತೆದ್ದ ಜಾಗದಲ್ಲಿ ಅಷ್ಟು ಹೊತ್ತು ಬೇರೆ ಯಾರು ನಿಂತಿದ್ದಾರೆ?

ಆ ಆರರಲ್ಲಿ ಒಂದನ್ನು ಅಕ್ಕನಿಗೆ ಕಳಿಸಿದೆ.

"ಚೆನ್ನಾಗಿದೆ ಕಣೋ. ಇದರಲ್ಲಿ ನೀನೆಲ್ಲಿದ್ದೀಯ?"

"ಅದರ ಮೂಗಿನ ಕೆಳಗೆ ನೋಡು" ಎಂದು ಬರೆದು, ಅಳಿಸಿದೆ.