ಗರಿಗರಿ ರೆಕ್ಕೆಯ ಗುಟ್ಟು

ಭಾನುವಾರ, ಮಾರ್ಚ್ ೯

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದ. ನಾನು ಕ್ಷೇಮ, ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನಿನ್ನ ಕಾಗದ ಬಂದು ಮೂರು ವಾರವಾಯಿತು, ನೀನು ಮುಖ ಊದಿಸಿಕೊಂಡಿರುತ್ತೀಯ. ಪುರುಸೊತ್ತಿಲ್ಲದೆ ಅಲ್ಲ. ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಹಾಕಿದೆ. ಅಳಿಯಂದಿರಿಗೂ ಸಕ್ಕರೆ ಕಾಯಿಲೆ ಎಂದು ಓದಿ ಸಂಕಟವಾಯಿತು. ಅನ್ನ, ಹಿಟ್ಟು ಬಿಟ್ಟು ಅವರು ಸೊರಗಿದ್ದಾರೆ, ಅಪ್ಪನಿಗೆ ಮಾಡುತ್ತಿದ್ದ ಕೋಳಿ ರೆಕ್ಕೆ ಹೇಗೆಂದು ಬರಿ ಎಂದಿದ್ದೀಯ.

ರೆಕ್ಕೆಗಳನ್ನು ಗೆಣ್ಣಿನಲ್ಲಿ ಎರಡು ಮಾಡು. ಬಟ್ಟೆಯಿಂದ ಒತ್ತಿ ನೀರು ತೆಗೆ. ಉಪ್ಪು, ಮೆಣಸಿನ ಪುಡಿ, ಒಂದು ಚಮಚ ಬೇಕಿಂಗ್ ಪೌಡರ್ ಸವರಿ, ಜಾಲರಿಯ ಮೇಲಿಟ್ಟು, ಮುಚ್ಚದೆ ಒಂದು ಪೂರ್ತಿ ದಿನ ಫ್ರಿಜ್ಜಿನಲ್ಲಿ ಒಣಗಿಸು. ಇದರಲ್ಲಿ ಅವಸರ ಬೇಡ. ಆಮೇಲೆ ಓವನ್ನಿನಲ್ಲಿ ಮುಕ್ಕಾಲು ಗಂಟೆ, ನಡುವೆ ಒಮ್ಮೆ ಮಗುಚು.

ನಿನ್ನ ಅಪ್ಪ ಗಡಿಯಾರ ರಿಪೇರಿಯವರಲ್ಲವೇ, ಮೊದಲ ತುತ್ತನ್ನು ಕಣ್ಣು ಮುಚ್ಚಿ ಕಚ್ಚಿ ಸದ್ದು ಕೇಳಿಸಿಕೊಳ್ಳುತ್ತಿದ್ದರು. ತಿಂದ ಮೇಲೆ ಎಲುಬುಗಳನ್ನು ತಟ್ಟೆಯಂಚಿಗೆ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಡುತ್ತಿದ್ದರು. "ತಿರುಗಿ ಜೋಡಿಸಿಕೊಡ್ಲಾ? ಹಾರಿಬಿಡುತ್ತೆ ನೋಡು" ಎಂದು ನನ್ನನ್ನು ರೇಗಿಸುತ್ತಿದ್ದರು.

ಅವರು ಹೋದ ಮೇಲೂ ಪ್ರತಿ ಭಾನುವಾರ ತಪ್ಪದೆ ಮಾಡುತ್ತೇನೆ. ಇವತ್ತೂ ಓವನ್ ಆರಿಸಿ ತಿರುಗುವಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕಚ್ಚಿದಂತೆ ಕರುಂ ಎಂದಿತು. ಹಿಂದೆಯೇ ಅಡುಗೆಮನೆ ಬಾಗಿಲ ಚಿಲಕ ಅಲುಗಿತು, ಒಳಗೆ ಬರಲೇ ಎಂದು ಕೇಳುವಷ್ಟು ಮೆಲ್ಲಗೆ. ಪಕ್ಕದ ಮನೆಯ ಟೀಚರು, "ಒಬ್ರೇ ಇದ್ರೆ ಹಾಗೆಲ್ಲ ಅನ್ಸುತ್ತೆ, ಸ್ವಲ್ಪ ದಿನ ಮಗಳ ಮನೆಗೆ ಹೋಗಿಬನ್ನಿ" ಅನ್ನುತ್ತಾರೆ. ನನಗೆ ನಿಜವಾಗಿಯೂ ಹೆದರಿಕೆ. ನಿನ್ನ ಅಪ್ಪ ಬಂದು ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

"ಇವರೂ ಅಪ್ಪನ ಹಾಗೇ ಕದ್ದು ತಿಂತಾರೆ, ಬ್ಯಾಗೆಲ್ಲ ಹುಡುಕಿದೆ" ಎಂದು ಬರೆದಿದ್ದೀಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನಗೂ ಹಾಗೇ ಆಯಿತು. ಹುಡುಕಬೇಡ ಮಗಳೇ. ಅವರು ಇಲ್ಲ ಅಂದರೆ ಇಲ್ಲ ಎಂದೇ ನಂಬು.

ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದುಂಡು ಬಹುಕಾಲ ನಗುತ್ತಿರಿ.

ನಿನ್ನ
ಅಮ್ಮ

ತಾ.ಕ.: ಮೇಲೆ ಬರೆದದ್ದು ಸರಿಯಾದ ಕ್ರಮ. ಅಪ್ಪನಿಗೆ ನಾನು ಮಾಡಿಕೊಟ್ಟಿದ್ದು ಅದಲ್ಲ. ಒಣಗಿಸುವುದು ಆಗ ಗೊತ್ತಿರಲಿಲ್ಲ, ಅವರು ಹೋದ ಮೇಲೆ ಕಲಿತೆ. ಸಕ್ಕರೆ ಕಾಯಿಲೆಗೆಂದು ಅನ್ನ ಬಿಡಿಸಿ ಇದನ್ನು ಕೊಟ್ಟ ಮೊದಲ ದಿನ, "ಚಪ್ಪಲಿ ಅಗಿದ ಹಾಗಿದೆ ಕಣೇ" ಎಂದು ತಟ್ಟೆ ಸರಿಸಿ ಹಸಿದುಕೊಂಡೇ ಎದ್ದರು. ನನಗೆ ತಡೆಯಲಾಗಲಿಲ್ಲ. ಮರುದಿನ ಅವರಿಗೆ ಹೇಳದೆ ಎರಡು ಚಮಚ ಕಾರ್ನ್‌ಫ್ಲೋರ್, ಡಾಕ್ಟರು ಬೇಡವೆಂದ ಹಿಟ್ಟನ್ನೇ, ಬೆರೆಸಿದೆ. ಅವರ ಮುಖ ಅರಳಿತು. ಬರಬರುತ್ತ ಅದು ದಿನಕ್ಕೆ ಅರ್ಧ ಬಟ್ಟಲಾಯಿತು. ಸಕ್ಕರೆ ಇಳಿಯದಿದ್ದಾಗ ಡಾಕ್ಟರು ಗದರಿದರು, ನೀನು ಅಪ್ಪನ ಅಂಗಡಿಯ ಡ್ರಾಯರುಗಳನ್ನೆಲ್ಲ ಜಾಲಾಡಿದೆ. ಅಪ್ಪ ನನ್ನ ಮುಖ ನೋಡಿದರು. ನಾನೂ ನಿಮ್ಮ ಜೊತೆ ಸೇರಿ ಬೈದೆ. ಕೊನೆಗೆ ಅವರಿಗೇ ತಮ್ಮ ಮೇಲೆ ಅನುಮಾನ ಬಂತು. "ನಿದ್ದೆಗಣ್ಣಲ್ಲಿ ಎದ್ದು ಏನಾದ್ರೂ ತಿಂತಿದೀನೋ ಏನೋ. ಅಡುಗೆಮನೆಗೆ ಬೀಗ ಹಾಕ್ಬಿಡು" ಅಂದರು. ಹಾಕಿದೆ. ಅವರು ಹೋಗುವ ದಿನದವರೆಗೂ ಹಾಕಿದೆ. ನಿನ್ನ ಅಪ್ಪ ಎಂದೂ ಏನನ್ನೂ ಕದ್ದು ತಿಂದವರಲ್ಲ.