ಮಾಜಾಳಿಯ ಕಿಟಕಿಯಲ್ಲಿ ಬಾಗಿದ ಸರಳು

ವಿಠೋಬಾ ಮಾಮಾ,

ಅಂಕೋಲೆಯ ನಿನ್ನ ಸ್ಟುಡಿಯೋ ಮೆಟ್ಟಿಲ ಮೇಲೆ ಕೂತು, ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಹೇಗೆ ಆರಿಸಬೇಕೆಂದು ನನಗೆ ಹೇಳಿಕೊಟ್ಟದ್ದು ನೆನಪಿದೆಯಾ? "ಮೇಲಿನ ಹೊಳಪು ನೋಡ್ಬೇಡ ಮಗಾ. ಒಂದು ಕಣ್ಣು ಮುಚ್ಚು. ಬಾಗಿಲಪಟ್ಟಿನೋ ಕಂಬನೋ, ನೆಟ್ಟಗಿದ್ದದ್ದು ಒಂದು ನೋಡು. ನಡುವಿನ ಹಳದಿ ಚೌಕದಲ್ಲಿ ಅದು ಎರಡಾಗಿ ಕಾಣ್ತದೆ. ಉಂಗುರ ತಿರುಗಿಸ್ದಾಗ ಎರಡೂ ಒಂದಾಗ್ಬೇಕು. ಆಗ್ದಿದ್ರೆ ಬಿಟ್ಟು ಬಾ."

ಶಾಲೆಯಲ್ಲಿ ಕಲಿಸುವ ಕೆಲಸದಿಂದ ನಿವೃತ್ತಿಯಾಗುವ ಕಾಲ ಹತ್ತಿರ ಬಂತು. ಬೇಲೆಕೇರಿಯ ದೋಣಿಗಳನ್ನು ನಿನ್ನ ಹಾಗೆ ಫಿಲ್ಮಿನಲ್ಲಿ ತೆಗೆಯುವ ಆಸೆ. ಮಾಜಾಳಿಯಲ್ಲಿ ಸುಶೀಲಾಬಾಯಿ ಎಂಬವರು ತೀರಿಹೋದ ಗಂಡನ ಕ್ಯಾಮೆರಾಗಳನ್ನು ಮಾರುತ್ತಾರೆಂದು ತಿಳಿದು ಹೋದೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಮೂರು ಇಟ್ಟರು. ಮೊದಲನೆಯದನ್ನು ಬಲಗಣ್ಣಿಗೆ ಹಿಡಿದು ಕಿಟಕಿಯ ಸರಳು ನೋಡಿದೆ. ಸರಳು ನಡುವಿನಲ್ಲಿ ಬಾಗಿತ್ತು. ಹಳದಿ ಚೌಕ ಇರಬೇಕಾದಲ್ಲಿ ಬರೀ ಮಸಿ ಒರೆಸಿದಂತೆ. ಗಾಜು ಕೆಟ್ಟಿರಬೇಕು ಎಂದುಕೊಂಡೆ. ಎರಡನೆಯದೂ ಹಾಗೇ. ಮೂರನೆಯದೂ.

"ಮೂರೂ ಹಾಳಾಗಿದಾವಲ್ಲ" ಎಂದೆ.

ಸುಶೀಲಾಬಾಯಿ ಒಂದನ್ನೆತ್ತಿ ನೋಡಿದರು. "ಅಗೋ ಬಾಯಿ, ನಂಗೆ ಸಮಾ ಕಾಣ್ತದಲ್ಲ! ಹಳದಿ ಚೌಕ ಉಂಟು, ಸರಳೂ ನೆಟ್ಟಗೇ ಉಂಟು."

ಕ್ಯಾಮೆರಾ ಕೆಳಗಿಟ್ಟೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿದೆ. ಸರಳು ಬಾಗಿಯೇ ಇತ್ತು. ಹಾಗೇ ಅವರ ಕಡೆ ತಿರುಗಿದೆ. ಅವರ ಕಿವಿ ಕಂಡಿತು, ಸೀರೆಯ ಅಂಚು ಕಂಡಿತು. ಮುಖ ಮಾತ್ರ ಇರಲಿಲ್ಲ. ಕಣ್ಣು ತಿಕ್ಕಿ ಮತ್ತೆ ನೋಡಿದೆ ಮಾಮಾ, ಆಗಲೂ ಇರಲಿಲ್ಲ.

"ಎಂತಾ ಆಯ್ತು ಬಾಯಿ? ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಅವರೇ ನೀರು ತಂದರು.

ಅಂಕೋಲೆಗೆ ಬರುವ ಬಸ್ಸಿನಲ್ಲಿ ನೀನು ತೆಗೆದ ಕೊನೆಯ ಮದುವೆಯ ಆಲ್ಬಮ್ ನೆನಪಾಯಿತು. ಹಿಂದಿನ ಚಪ್ಪರದ ಎಲೆ ಎಲೆಯೂ ಸ್ಪಷ್ಟ, ಮದುಮಗಳ ಮುಖ ಮಸುಕು. "ಕ್ಯಾಮೆರಾದ ಚೌಕ ಮಾಸಿ ಹೋಗಿದೆ" ಎಂದು ಹೇಳಿ ನೀನು ಸ್ಟುಡಿಯೋ ಮುಚ್ಚಿದೆ. ಆಮೇಲೆ ಪೇಟೆಯಲ್ಲಿ ಎಡವದೆ ನಡೆಯುತ್ತಿದ್ದೆ, ಆದರೆ ಎದುರು ಬಂದವರು ಬಾಯಿ ಬಿಟ್ಟು ಮಾತಾಡುವ ತನಕ ಗುರುತು ಹಿಡಿಯುತ್ತಿರಲಿಲ್ಲ. ವಿಠೋಬನಿಗೆ ಸೊಕ್ಕು ಬಂದಿದೆ ಎಂದರು ಜನ. ಅದು ಕ್ಯಾಮೆರಾ ಹೌದೇ, ಮಾಮಾ? ಅಥವಾ ನೀನೂ ಯಾವತ್ತೋ ಒಂದು ಕಣ್ಣು ಮುಚ್ಚಿ ನೋಡಿ, ಬೆವರಿ, ಯಾರಿಗೂ ಹೇಳದೆ... ನಿನ್ನನ್ನು ಕೇಳೋಣವೆಂದರೆ ನೀನೇ ಇಲ್ಲ, ಅತ್ತೆಯನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.

"ಮನೇಲಿ ಯಾರಿಗಾದ್ರೂ ಹೀಗೆ ಇತ್ತಾ?" ಎಂದು ಕಾರವಾರದ ಕಣ್ಣಿನ ಡಾಕ್ಟರ್ ಕೇಳಿದಾಗ "ನನ್ನ ಮಾಮನಿಗೆ ಇತ್ತೇನೋ" ಎಂದೆ. ಕಣ್ಣಿನ ಹಿಂದಿನ ಪರದೆಯ ನಡುಭಾಗದಲ್ಲಿ ರಕ್ತ ಜಿನುಗುತ್ತಿದೆಯಂತೆ. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಇಷ್ಟು ದಿನ ತಿಳಿಯಲಿಲ್ಲ. ಕಣ್ಣಿಗೇ ಇಂಜೆಕ್ಷನ್ ಕೊಡಬೇಕು, ಹೋದದ್ದು ಪೂರ್ತಿ ಬರುತ್ತದೆಂದು ಹೇಳಲಾಗದು, ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದರು. ಇಂಜೆಕ್ಷನ್‌ಗೆಂದು ಮಡಗಾಂವಿನ ಆಸ್ಪತ್ರೆಗೆ ಹೋದೆ. ರೆಪ್ಪೆ ಮುಚ್ಚದಂತೆ ಕಬ್ಬಿಣದ ಕ್ಲಿಪ್ಪು ಹಾಕಿ "ಮೇಲೆ ನೋಡಿ" ಎಂದಾಗ ಹಾಸಿಗೆಯ ಬಟ್ಟೆಯನ್ನು ಹರಿಯುವಷ್ಟು ಬಿಗಿಯಾಗಿ ಹಿಡಿದಿದ್ದೆ. ನೋವು ಅಷ್ಟೇನಿರಲಿಲ್ಲ. ಹೆದರಿಕೆಯೇ ದೊಡ್ಡದು. ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಒಂದೊಂದೇ ಕಣ್ಣು ಮುಚ್ಚಿ ಬಾಗಿಲಪಟ್ಟಿ ನೋಡುತ್ತೇನೆ. ಬಲಗಣ್ಣಿನ ಡೊಂಕು ಸ್ವಲ್ಪ ಕಡಿಮೆಯಾಗಿದೆ. ಎಡಗಣ್ಣಿನ ಸರದಿಯನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತೇನೆ.

ಮಾಜಾಳಿಗೆ ಮತ್ತೆ ಹೋದೆ. ಎಡಗಣ್ಣಿನಲ್ಲಿ ನೋಡಿ ಎರಡನೆಯ ಕ್ಯಾಮೆರಾ ಆರಿಸಿದೆ. ಉಂಗುರ ತಿರುಗಿಸಿದಾಗ ಎರಡು ಸರಳು ಒಂದಾದದ್ದನ್ನು ಕಂಡು ಸುಶೀಲಾಬಾಯಿಯ ಮುಂದೆಯೇ ಅತ್ತುಬಿಟ್ಟೆ. ಎಡಗಣ್ಣಿಗೆ ಹಿಡಿದರೆ ಮೂಗು ಕ್ಯಾಮೆರಾದ ಬೆನ್ನಿಗೆ ಒತ್ತುತ್ತದೆ, ಒತ್ತಲಿ.

ಇನ್ನೊಂದು ಸುದ್ದಿ ಹೇಳಲೇಬೇಕು. ನಿನ್ನ ಮಗಳು ಶೈಲಾಳಿಗೆ ಎಲ್ಲ ಹೇಳಿ, ನೀನೂ ಪರೀಕ್ಷೆ ಮಾಡಿಸ್ಕೋ ಎಂದಿದ್ದೆ. "ನಂಗೆ ಎಂತಾ ಆಗ್ಲಿಲ್ಲ, ಸುಮ್ನೆ ಹೆದರಿಸ್ಬೇಡ ಅಕ್ಕಾ" ಎಂದು ಫೋನ್ ಇಟ್ಟವಳು ವಾರಗಟ್ಟಲೆ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ತಾನಾಗಿ ಫೋನ್ ಮಾಡಿದಳು. ಸಣ್ಣ ದನಿಯಲ್ಲಿ, "ಅಕ್ಕಾ, ಡಾಕ್ಟರ್ ಹತ್ರ ಯಾವ ಬಸ್ಸಿಗೆ ಹೋಗುದು?" ಎಂದಳು.

ಒಂದು ಕಣ್ಣು ಮುಚ್ಚಿದಾಗ ಏನು ಕಂಡಿತೆಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ ಮಾಮಾ. "ನಾನೂ ಬರ್ತೆ, ಸ್ಟ್ಯಾಂಡಲ್ಲಿ ನಿಂತಿರು" ಎಂದೆ. ನಾಳೆ ಹೊರಡುತ್ತೇವೆ. ಡಾಕ್ಟರು ಏನೇ ಹೇಳಲಿ, ಅದನ್ನು ಕೇಳುವಾಗ ಅವಳ ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ.

ನಿನ್ನ ಸೋದರಸೊಸೆ,
ಮಾಲತಿ